ಮೂಲೆಯ ಗಟ್ಟಿ ಮಿಷನ್ನು

ಮೊನ್ನೆ ಮಗ ಅಂಗೈಯಗಲದ ಒಂದು ಹಲಗೆ ತಂದು ನನ್ನ ಮುಂದಿಟ್ಟ. ಅದರ ಮೇಲೆ ಬಣ್ಣಬಣ್ಣದ ಗುಂಡಿಗಳು. ಕಂಪ್ಯೂಟರಿಗೆ ಹೊಸ ಕೀಬೋರ್ಡ್ ಕೊಳ್ಳುವ ಮುಂಚೆ ಯಾವ ಬಗೆಯ ಗುಂಡಿ ಬೆರಳಿಗೆ ಒಗ್ಗುತ್ತದೆಂದು ಹೀಗೆ ಒತ್ತಿ ನೋಡಬೇಕಂತೆ. ಹೆಣ್ಣು ನೋಡುವಾಗಲೂ ಜನ ಇಷ್ಟು ಯೋಚಿಸುವುದಿಲ್ಲ ಬಿಡಿ. ನಾನೂ ಒತ್ತಿದೆ. ಒಂದು ಬೆಣ್ಣೆಯ ಹಾಗೆ ಇಳಿಯಿತು, ಇನ್ನೊಂದು ಟಿಕ್ ಎಂದಿತು. ಕೊನೆಯದು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ, ಬೆರಳನ್ನೇ ಎದುರು ತಳ್ಳಿತು. ಅದನ್ನು ಒತ್ತಿದವಳು ಹಾಗೇ ಕೂತುಬಿಟ್ಟೆ. ಅತ್ತಿಗೆ ನೆನಪಾದಳು.

ಅವಳಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಹಾಗಾಗಿ ಬಹುವಚನದ ಶಾಸ್ತ್ರವೆಲ್ಲ ನಮ್ಮಿಬ್ಬರ ನಡುವೆ ಇರಲಿಲ್ಲ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಊರು ಶಿಡ್ಲಘಟ್ಟ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನಣ್ಣ ಜ್ವರ ತಲೆಗೇರಿ ಹೋಗಿಬಿಟ್ಟ. ಅವತ್ತು ಬೆಳಿಗ್ಗೆ ಅವನು ಯಾಕೋ ಸುಸ್ತು ಅಂದಾಗ ಅತ್ತಿಗೆ ಹಣೆ ಮುಟ್ಟಿ ನೋಡಿ, ಜ್ವರವೇನಿಲ್ಲ, ಸ್ವಲ್ಪ ಮಲಗಿ ಅಂದಿದ್ದಳು. ಸಂಜೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ.

ಅಮ್ಮ ಅವಳನ್ನು ಮನೆಯಿಂದ ಆಚೆ ಹಾಕಲಿಲ್ಲ, ಊಟಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಮಾತಾಡಿಸಲು ಬಂದವರೆದುರಿಗೆಲ್ಲ ಅದೊಂದೇ ಹೇಳುತ್ತಿದ್ದಳು: ಕೈಯಿಟ್ಟು ನೋಡಿದವಳಿಗೆ ಜ್ವರ ತಿಳಿಯಲಿಲ್ಲವಂತೆ. ಒಳಗಿನಿಂದ ಅತ್ತಿಗೆಯ ಉತ್ತರವೂ ಒಂದೇ, ತಣ್ಣಗಿತ್ತು, ನಾನೇ ಮುಟ್ಟಿ ನೋಡಿದೆ ಅಂತ. ಅತ್ತೆ ಸೊಸೆ ನಡುವೆ ಒಂದು ವರ್ಷ ಬೇರೆ ಮಾತೇ ಇರಲಿಲ್ಲ. ನಾನು ಇಬ್ಬರ ನಡುವೆ ಸಿಕ್ಕಿ ಬೆಪ್ಪಿಯ ಹಾಗೆ ಓಡಾಡಿಕೊಂಡಿದ್ದೆ.

ಅನುಕಂಪದ ಮೇಲೆ ಅವಳಿಗೆ ಅಣ್ಣನ ಕಚೇರಿಯಲ್ಲೇ ಟೈಪಿಸ್ಟ್ ಕೆಲಸ ಸಿಕ್ಕಿತು. ಆದರೆ ಗಡುವಿನೊಳಗೆ ಟೈಪಿಂಗ್ ಪರೀಕ್ಷೆ ಪಾಸು ಮಾಡದಿದ್ದರೆ ಕೆಲಸ ಉಳಿಯುವಂತಿರಲಿಲ್ಲ. ಕಂಕುಳಲ್ಲಿ ಒಂದು ಹೆಣ್ಣು ಕೂಸು ಬೇರೆ. ಹೀಗಾಗಿ ಬಸ್ ಸ್ಟ್ಯಾಂಡಿನ ಬಳಿಯ ಮಹಡಿಯ ಮೇಲಿದ್ದ ಇನ್‌ಸ್ಟಿಟ್ಯೂಟಿಗೆ ಸೇರಿದಳು. ಅವಳಿಗೆ ಜೊತೆಯಾಗಲೆಂದು ನಾನೂ ಹೊರಟೆ. ಸಂಜೆ ಅಡುಗೆ ಕೆಲಸ ತಪ್ಪುತ್ತದೆ ಅನ್ನುವುದು ನನ್ನ ಒಳಲೆಕ್ಕ.

ಮೇಷ್ಟ್ರು ಚಿಂತಾಮಣಿ ಕಡೆಯವರು. ಕೋಪ ಬಂದರೆ ತೆಲುಗಿಗೆ ಹೊರಳುತ್ತಿದ್ದರು. ಅವರ ಕೋಪಕ್ಕೆ ಮೊದಲು ಸಿಕ್ಕಿದವಳು ಅತ್ತಿಗೆ. ಕೀಲಿಗಳ ಕಡೆ ನೋಡದೆ ಹೊಡೆಯಬೇಕಷ್ಟೆ, ಅದು ಅವಳಿಗೆ ಆಗುತ್ತಲೇ ಇರಲಿಲ್ಲ. ಕೀಲಿ ಒತ್ತಿತೋ ಇಲ್ಲವೋ ಗೊತ್ತಾಗದೆ ಮತ್ತೊಮ್ಮೆ ಒತ್ತುತ್ತಿದ್ದಳು, ಅಕ್ಷರ ಎರಡೆರಡು ಬೀಳುತ್ತಿತ್ತು. ಬೆರಳನ್ನು ಸುಮ್ಮನೆ ಇಟ್ಟಿದ್ದೇನೆಂದುಕೊಂಡಾಗ ಅದು ಒತ್ತುತ್ತಿರುತ್ತಿತ್ತು. ಅಕ್ಷರದ ಕಡ್ಡಿಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಈ ಮಿಷನ್ನೇ ಸರಿಯಿಲ್ಲವೇನೋ ಎಂದು ಪಕ್ಕದ್ದಕ್ಕೆ ಹೋದಳು. ಅಲ್ಲೂ ಅದೇ. ಹೊಸದಾಗಿ ಬಂದಿದ್ದ, ನಾವೆಲ್ಲ ಕಿತ್ತಾಡುತ್ತಿದ್ದ ಹಗುರ ಮಿಷನ್ನಿನಲ್ಲಂತೂ ಅವಳ ಗತಿ ನೋಡಲಾಗುತ್ತಿರಲಿಲ್ಲ. ಹೀಗೆ ಒಂದೊಂದನ್ನೇ ನೋಡುತ್ತಾ ಕೊನೆಗೆ ಯಾರೂ ಮುಟ್ಟದ ಮೂಲೆಯ ಮಿಷನ್ನಿಗೆ ಬಂದಳು. ಅದು ಹಳೇ ಗಾಣದಂಥದ್ದು. ನಾನು ಒಮ್ಮೆ ಕೂತಿದ್ದಕ್ಕೆ ಕಿರುಬೆರಳು ಊದಿಕೊಂಡಿತ್ತು. ಅದರಲ್ಲಿ ಅವಳು ಅವತ್ತೇ ಒಂದು ಸಾಲು ತಪ್ಪಿಲ್ಲದೆ ಹೊಡೆದಳು.

ಮೇಷ್ಟ್ರಿಗೆ ಆಶ್ಚರ್ಯ. ಇದರಲ್ಲಿ ಹೇಗಮ್ಮ ಬಂತು ಎಂದರು. ಇದರ ಭಾರ ಮಣಿಕಟ್ಟಿಗೆ ತಿಳಿಯುತ್ತದೆ, ಬೇರೆಯವು ಬೆರಳಿಗೆ ತಿಳಿಯುವುದೇ ಇಲ್ಲ ಎಂದಳು. ಅವರು ಅವಳ ಕೈ ತಿರುಗಿಸಿ ನೋಡಿದರು. ಶಿಡ್ಲಘಟ್ಟದಲ್ಲಿ ಅಂಥ ಕೈ ಕಂಡರೆ ಯಾರೂ ಕೇಳಬೇಕಾಗಿಲ್ಲ. ತವರಿನಲ್ಲಿ ಚಿಕ್ಕಂದಿನಿಂದ ರೇಷ್ಮೆಗೂಡು ಬೇಯುವ ನೀರಿಗೆ ಕೈ ಹಾಕಿ ಎಳೆ ಹುಡುಕಿ ನೂಲು ತೆಗೆದವಳು. ಬೆರಳ ತುದಿಗಳು ಬೆಳ್ಳಗೆ ಜಡ್ಡುಗಟ್ಟಿ ಗೆರೆಯೇ ಇರಲಿಲ್ಲ.

"ಕುದಿಯೋ ನೀರಲ್ಲಿ ಆಡಿದ ಕೈ. ಬಿಸಿನೇ ತಿಳಿಯಲ್ಲ, ಇನ್ನು ಕೀಲಿ ಎಲ್ಲಿ ತಿಳೀತದಮ್ಮ" ಎಂದು ಮೇಷ್ಟ್ರು ಅವರ ಪಾಡಿಗೆ ಆಚೆ ಹೋದರು.

ಮನೆಗೆ ಬರುವ ದಾರಿಯಲ್ಲಿ ಅವಳು ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜುತ್ತಾ ನಡೆದಳು. ಗೂಡಿನ ಮಾರ್ಕೆಟ್ಟಿನ ಗೋಡೆ ದಾಟಿದ ಮೇಲೆ ನಿಂತಳು.

"ಹಂಗಾದ್ರೆ ಅವತ್ತು ಅವರ ಹಣೆ ಸುಡ್ತಾ ಇತ್ತು ಕಣೇ" ಎಂದಳು.

ನೀವೇ ನೋಡಿ, ಒಂದು ವರ್ಷ ಅವಳನ್ನು ನಿಲ್ಲಿಸಿದ್ದದ್ದು ತಣ್ಣಗಿತ್ತು ಅನ್ನುವ ಆ ಒಂದು ಮಾತು. ತಪ್ಪು ಅವಳದಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಆ ಮಾತೂ ಹೋಯಿತು.

ಮನೆಗೆ ಬಂದವಳೇ ಅಮ್ಮನ ಮುಂದೆ ನಿಂತಳು. ಅಮ್ಮ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು.

"ಅತ್ತೆ, ನೀವು ಹೇಳಿದ್ದೇ ನಿಜ. ಜ್ವರ ಇತ್ತು. ನನ್ನ ಕೈಗೆ ತಿಳೀಲಿಲ್ಲ."

ಹೇಗೆಂದು ನಾನೇ ವಿವರಿಸಿದೆ. ಅಮ್ಮ ಮೊರವನ್ನು ಪಕ್ಕಕ್ಕಿಟ್ಟು ಅತ್ತಿಗೆಯ ಎರಡೂ ಕೈ ಹಿಡಿದು ನೋಡುತ್ತಾ ಕೂತಳು. ಈಗ ಬೈಯುತ್ತಾಳೆಂದು ನಾನು ಕಾದೆ.

"ಈ ಕೈ ನೋಡೇ ಅಲ್ವೇನಮ್ಮ ನಾನು ನಿನ್ನ ತಂದಿದ್ದು" ಎಂದಳು ಅಮ್ಮ. "ನಿಮ್ಮಪ್ಪನ ಮನೇಲಿ ನೀನು ತೆಗೆದ ನೂಲು ತೋರಿಸಿದ್ರು. ಒಂದು ಕಡೆನೂ ಗಂಟಿರಲಿಲ್ಲ. ಬಂಗಾರದಂಥ ಕೈ ಅಂತ ಊರೆಲ್ಲ ಹೇಳ್ಕೊಂಡು ಬಂದೆ."

ಆಮೇಲೆ ಇಬ್ಬರೂ ಅತ್ತರು. ಅಣ್ಣ ಹೋದ ಮೇಲೆ ಅವರು ಜೊತೆಯಲ್ಲಿ ಕೂತು ಅತ್ತದ್ದು ಅದೇ ಮೊದಲು. ಅವತ್ತಿನಿಂದ ಅಮ್ಮ ಯಾರೆದುರಿಗೂ ಆ ಮಾತೆತ್ತಲಿಲ್ಲ.

ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಆಗ ಮಿಷನ್ನುಗಳನ್ನು ನಾವೇ ಒಯ್ಯಬೇಕಿತ್ತು. ಟೆಂಪೋದಲ್ಲಿ ಗೋಣಿ ಹಾಸಿ ಜೋಡಿಸುವಾಗ ಮೂಲೆಯ ಆ ಭಾರವನ್ನು ಎತ್ತಿದವರೆಲ್ಲ ಶಪಿಸಿದರು. ಅತ್ತಿಗೆ ಪಾಸಾದಳು. ಹಗುರ ಮಿಷನ್ನಿನ ಮುಂದೆ ಮಹಾರಾಣಿಯ ಹಾಗೆ ಕೂತಿದ್ದ ನಾನು ಫೇಲಾದೆ. ಅಡುಗೆಮನೆ ನನಗೇ ಕಾದಿತ್ತು.

ಕೆಲಸದಲ್ಲೇ ಇದ್ದು, ಗೌರಿಬಿದನೂರಿಗೆ ವರ್ಗವಾಗಿ ಹೋಗಿ, ಅತ್ತಿಗೆ ನಿವೃತ್ತಳಾದದ್ದೂ ಅಲ್ಲೇ. ಅಮ್ಮ ಕೊನೆಯವರೆಗೂ ಅವಳ ಜೊತೆಗಿದ್ದಳು. ಮೊನ್ನೆ ರಾತ್ರಿಯೇ ಅವಳಿಗೆ ಫೋನ್ ಮಾಡಿದೆ. ಗುಂಡಿಗಳ ಕತೆ ಕೇಳಿ ನಕ್ಕಳು. ಬೆರಳು ಹೇಗಿದೆ ಎಂದು ಕೇಳಿದೆ. ಇಷ್ಟು ವರ್ಷ ನನಗೆ ಕೇಳಬೇಕೆಂದೇ ಹೊಳೆದಿರಲಿಲ್ಲ.

"ಗೂಡಿನ ನೀರು ಬಿಟ್ಟು ಎಷ್ಟು ಕಾಲ ಆಯ್ತು ಕಣೇ. ಜಡ್ಡೆಲ್ಲ ಹೋಯ್ತು" ಎಂದಳು. "ಈಗ ಎಲ್ಲಾ ತಿಳೀತದೆ. ಮೊಮ್ಮಗೂಗೆ ಒಂಚೂರು ಮೈ ಬಿಸಿಯಾದ್ರೂ ತಿಳೀತದೆ."