ಬಾಜೂ ಮನೆಯವರ ಮಧ್ಯಾಹ್ನದ ನಿದ್ದೆ

ಅಫಜಲಪುರದಲ್ಲಿ ನಮ್ಮ ಬಾಜೂ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಯಂತ್ರದ ಮೇಲೆ ಕೆಲಸಕ್ಕಿದ್ದರು. ಗೇಟಿನ ಚಿಲಕವನ್ನೂ ಸಪ್ಪಳವಾಗದಂತೆ ಹಾಕುವ ಮನುಷ್ಯ. ಯಾರು ಅವಸರ ಮಾಡಿದರೂ "ಸಾವಕಾಶ ಆಗ್ಲಿ ಬಿಡ್ರಿ" ಎನ್ನುತ್ತ ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗಿಳಿಸುತ್ತಿದ್ದರು, ಅಳುವ ಕೂಸನ್ನು ತಟ್ಟಿದ ಹಾಗೆ.

ಕಬ್ಬಿನ ಹಂಗಾಮು ಮುಗಿದ ವಾರ, ಒಂದು ಮಧ್ಯಾಹ್ನ ಅವರ ಮನೆಯಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಹಿಂದೆಯೇ ಗಂಟಲು ಹರಿಯುವಂತೆ ಒಬ್ಬ ಗಂಡಸಿನ ಚೀರಾಟ. ನಾನು ಚಪ್ಪಲಿ ಮೆಟ್ಟದೆ ಓಡಿದೆ.

ಅವರು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ತಲೆಯ ಪಕ್ಕದ ಸ್ಪೀಕರಿನಲ್ಲಿ ಯಾವುದೋ ವಿದೇಶಿ ರಾಕ್ ಬ್ಯಾಂಡಿನ ಆಲ್ಬಮ್. ಡ್ರಮ್ಮು ಸುತ್ತಿಗೆಯಂತೆ ಬೀಳುತ್ತಿತ್ತು, ಗಿಟಾರು ಗರಗಸದಂತೆ ಕೊಯ್ಯುತ್ತಿತ್ತು. ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ನಡುಗುತ್ತಿದ್ದವು.

"ಮಷಿನ್ ಸಪ್ಪಳ ಇಲ್ಲಂದ್ರ ಇವರಿಗಿ ನಿದ್ದಿ ಹತ್ತಂಗಿಲ್ರಿ," ಎಂದರು ಅವರ ಹೆಂಡತಿ, ಜೋಳ ಹಸನು ಮಾಡುತ್ತ. "ಮಗಳು ಇದನ್ನ ಹುಡುಕಿ ಹಚ್ಚಿಕೊಟ್ಟಾಳ. ಒಂದು ಮುಗದ್ರ ಮತ್ತೊಂದು ಶುರು ಆಗ್ತದ."

ಆ ಚೀರಾಟ ತಡೆಯಲಾರದೆ ಬಗ್ಗಿ ಸ್ಪೀಕರ್ ಬಂದ್ ಮಾಡಿಬಿಟ್ಟೆ.

ಅವರು ಗಕ್ಕನೆ ಎದ್ದು ಕುಳಿತರು. ಮೈಯೆಲ್ಲ ಬೆವರು. ನನ್ನನ್ನು ನೋಡಿದರೂ ಗುರುತು ಹತ್ತಲಿಲ್ಲ. ಗಾಳಿಯಲ್ಲಿ ಮೆಲ್ಲಗೆ ಇಳಿಯುತ್ತಿದ್ದ ಆ ಅಂಗೈ ಮುಷ್ಟಿಯಾಗಿ ಎದೆಗೆ ಒತ್ತಿಕೊಂಡಿತ್ತು.

"ಮಷಿನ್ ಯಾಕ ನಿಂತದ?" ಎಂದರು. "ಯಾರ ಕೈ ಸಿಕ್ಕೊಂಡದ?"