ಕೈ ದಾಟಿದ ಮಣ್ಣಿನ ಹಕ್ಕಿ

“ಆ ಹಕ್ಕಿ ಒಂದು ತಿಂಗಳ ಮಟ್ಟಿಗೆ ಕೊಡ್ತೀರಾ?”

ಕಳೆದ ಶನಿವಾರ ಪಕ್ಕದ ಮನೆಯ ಲೊರೇನ್ ಬಾಗಿಲಲ್ಲಿ ನಿಂತು ಕೇಳಿದರು. ನನ್ನ ಹೆಂಡತಿ ಸುಮಂಗಲಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಹಕ್ಕಿ ಮನೆಯಲ್ಲಿರಲಿಲ್ಲ.

ಕೇಟಿ ಊರಿನ ನಮ್ಮ ಬೀದಿಗೆಲ್ಲ ಲೊರೇನ್ ಒಂದು ಬೆರಗು. ವಯಸ್ಸು ಎಂಬತ್ತು. ಹದಿಹರೆಯದಲ್ಲಿ ಅಂಗಡಿಗಳ ಬೋರ್ಡ್ ಬರೆದವರು. ಆಮೇಲೆ ಆಸ್ಟಿನ್‌ನಲ್ಲಿ ನಾಟಕದ ಪರದೆ. ನಡುವಯಸ್ಸಿನಲ್ಲಿ ವೆಲ್ಡಿಂಗ್ ಕಲಿತು ಕಬ್ಬಿಣದ ಕುದುರೆ ನಿಲ್ಲಿಸಿದರು. ಎಪ್ಪತ್ತಕ್ಕೆ ಮಣ್ಣು ಹಿಡಿದರು. (ನಾನು ಮೂವತ್ತು ವರ್ಷ ಒಂದೇ ಪೈಪ್‌ಲೈನ್ ನೋಡಿಕೊಂಡವನು.)

ಈಗ ಡಾಲಸ್‌ನ ಗ್ಯಾಲರಿಯೊಂದು ಅವರ ಜೀವಮಾನದ ಕೆಲಸವನ್ನೆಲ್ಲ ಒಂದೆಡೆ ಸೇರಿಸುತ್ತಿದೆ. ಮಣ್ಣಿನಲ್ಲಿ ಮಾಡಿದ ಮೊಟ್ಟಮೊದಲನೆಯದು ಆ ಹಕ್ಕಿ. ದೀಪಾವಳಿಗೆ ನಮಗೆ ಕೊಟ್ಟಿದ್ದರು.

ನಾವು? ನಮ್ಮವರ ಪದ್ಧತಿ ನಿಮಗೆ ಗೊತ್ತಿಲ್ಲವೇ? ಬಂದ ಉಡುಗೊರೆ ಬೀರುವಿಗೆ, ಬೀರುವಿನಿಂದ ಇನ್ನೊಬ್ಬರ ಗೃಹಪ್ರವೇಶಕ್ಕೆ. ಹೊಸ ಕಾಗದ ಸುತ್ತಿದರೆ ಮುಗಿಯಿತು.

ಲೊರೇನ್ ಹೋದ ಮೇಲೆ ಸುಮಂಗಲಾ ಶುಗರ್ ಲ್ಯಾಂಡಿನ ಗೆಳತಿ ವಿಮಲಾಗೆ ಫೋನ್ ಮಾಡಿದಳು. ಆಕೆಗೇ ಅದನ್ನು ಕೊಟ್ಟಿದ್ದು.

“ಭಾಳ ಚಂದ ಇತ್ರಿ ಅದು. ಅದಕ್ಕ ಜಾರ್ಜ್‌ಟೌನ್‌ದಾಗ ನಮ್ಮ ಪರಿಚಯದ ಸ್ಮಿತಾನ ಹೊಸಾ ಮನಿಗೆ ಕೊಟ್ಟೆ” ಎಂದರು ವಿಮಲಾ.

ಒಡೆದುಹೋಯಿತು ಅಂತ ಹೇಳಿಬಿಡೋಣವೇ ಎಂದೆ ನಾನು.

“ಆಕಿ ಜೀವಮಾನದ ಕೆಲಸರೀ ಅದು. ಖರೇ ಹೇಳೂಣು” ಎಂದಳು ಸುಮಂಗಲಾ.

ಪಕ್ಕದ ಮನೆಗೆ ಹೋಗಿ ಹೇಳಿದೆವು. ನನಗಂತೂ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಲೊರೇನ್, “ಹಾಗಾದರೆ ಅಲ್ಲಿಗೇ ಹೋಗೋಣ” ಎಂದರು. ಭಾನುವಾರ ಮೂವರೂ ಹೊರಟೆವು. ಮೂರು ಗಂಟೆ ಡ್ರೈವ್.

ಸ್ಮಿತಾ ನೇರ ದೇವರ ಮನೆಗೆ ಕರೆದೊಯ್ದಳು. ಕೃಷ್ಣನ ಪಕ್ಕದಲ್ಲಿ ಹಕ್ಕಿ ಕೂತಿತ್ತು. ಹಣೆಗೆ ಕುಂಕುಮ, ಮುಂದೆ ದೀಪ.

“ಗರುಡ ಅಂದ್ಕೊಂಡ್ವಿ ಆಂಟಿ. ಸಾರಿ, ಒರೆಸಿ ಕೊಡ್ತೀನಿ” ಎಂದಳು ಮೈಸೂರಿನ ಹುಡುಗಿ. ಲೊರೇನ್ ಮಾಡಿದ್ದು ಪಾರಿವಾಳ.

ಲೊರೇನ್ ಅವಳ ಕೈ ಹಿಡಿದರು. “ಒರೆಸಬೇಡ. ಇಷ್ಟು ವರ್ಷ ಜನ ನನ್ನ ಕೆಲಸ ನೋಡಿ ಚಪ್ಪಾಳೆ ಹೊಡೆದಿದ್ದಾರೆ. ದೀಪ ಯಾರೂ ಹಚ್ಚಿರಲಿಲ್ಲ.”

ಸುಮಂಗಲಾ ಕಣ್ಣೊರೆಸಿಕೊಂಡಳು. ನನಗೂ ಎದೆ ಹಗುರಾಯಿತು. ಕುಂಕುಮದ ಸಮೇತ ಹಕ್ಕಿ ಡಾಲಸ್‌ಗೆ ಹೊರಟಿದೆ. ಪ್ರದರ್ಶನ ಮುಗಿದ ಮೇಲೆ ಅದು ಸ್ಮಿತಾಳ ಮನೆಗೇ ಸೇರಬೇಕೆಂದು ಲೊರೇನ್ ಬರೆದುಕೊಟ್ಟಿದ್ದಾರೆ.

ನಮಗೆ ಕೊಡಿ ಎನ್ನಲು ನಮಗೆ ಮುಖವೆಲ್ಲಿದೆ?