ಚಂದ್ರಾಮಪ್ಪನ ಅರ್ಧ ಬಸ್ಸಿನ ಮನಿ

"ನನಗ ಮಹಡಿ ಬ್ಯಾಡ, ಅಟ್ಟ ಬ್ಯಾಡ್ರಿ ಅಕ್ಕಾರ. ಜೀಪಿನ ಹಿಂದ ಕಟ್ಟಿದ್ರ ಸುಮ್ಮ ಬರಬೇಕು, ನಿಲ್ಲಂದ್ರ ನಿಲ್ಲಬೇಕು. ಎರಿ ಹೊಲದಾಗ ಹುಗೀಬಾರದು. ಒಂದು ಮಳಿ ಬಿತ್ತಂದ್ರ ನಮ್ಮ ಕರಿ ಎರಿ ಮಣ್ಣು ಹ್ಯಾಂಗ ಆಗ್ತದ ನಿಮಗ ಗೊತ್ತದಲ್ರಿ. ಒಳಗ ಇಬ್ಬರು ಕಾಲು ಚಾಚಬೇಕು. ನಾನು ಉದ್ದ ಅದೀನಿ, ಅಕಿ ಗಿಡ್ಡ ಅದಾಳ, ಸರಾಸರಿ ತಗದ್ರ ಐದೂವರಿ ಫೂಟು ಸಾಕು. ಮ್ಯಾಲ ಸೋರಬಾರದು. ಬಾಗಿಲಕ ಒಳಗಿಂದ ಚಿಲಕ ಇರಬೇಕು. ಇದು ಅಕಿ ಮಾತು, ನಂದಲ್ಲ. ನನಗೇನ್ರಿ, ಸಾಲಿ ಕಟ್ಟಿ ಮ್ಯಾಲ ಮಲಗೀನಿ, ಗುಡಿ ಪೌಳ್ಯಾಗ ಮಲಗೀನಿ. ಜೇವರ್ಗಿ ಕಡಿ ಒಂದೂರಾಗ ಪೈಪ ಜೋಡಿಸಿಟ್ಟು ಅದರ ಮ್ಯಾಲ ಮಲಗಿದ್ದೆ. ಬೆಳಿಗ್ಗಿ ಎದ್ದು ನೋಡ್ತೇನಿ, ಉರುಳಿ ಉರುಳಿ ಯಾರದೋ ಅಂಗಳಕ್ಕ ಹೋಗೀನಿ. ಆದ್ರ ಹೆಂಗಸು ಹಂಗ ಮಲಗಾಕ ಆಗ್ತದೇನ್ರಿ? ಅಕಿ ಕೇಳೋದು ನ್ಯಾಯ ಅದ. ಪಂಚಮಿ ಒಳಗ ಗಾಲಿ ಮ್ಯಾಲಿನ ಮನಿ ಒಂದು ಸಿಗಲಿಲ್ಲಂದ್ರ ನನ್ನ ಸಂಸಾರ ಖಲ್ಲಾಸ್ರಿ."

ಹೀಗೆ ನನ್ನ ಮುಂದೆ ಹೇಳಿದವನು ಚಂದ್ರಾಮಪ್ಪ. ಮಾದನಹಿಪ್ಪರಗಾದಲ್ಲಿ ನಮ್ಮ ಗೋಡೆಗೆ ಹತ್ತಿದ್ದೇ ಅವನ ಮನೆ. ಕೆಲಸ ಬೋರಿಂಗ ರಿಪೇರಿ. ಬೋರಿಂಗ ಅಂದರೆ ಕೈಯಿಂದ ಒತ್ತಿ ನೀರು ತೆಗೆಯುವ ಪಂಪು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಎಲ್ಲಿ ಪಂಪು ಕೆಟ್ಟರೂ ಗುತ್ತಿಗೆದಾರ ಇವನನ್ನೇ ಕಳಿಸುತ್ತಿದ್ದ. ಒಂದು ಹಳೆಯ ಜೀಪು ಕೊಟ್ಟಿದ್ದ. ಅದರ ತುಂಬ ಪೈಪು, ಸರಪಳಿ, ಗ್ರೀಸಿನ ಡಬ್ಬಿ. ಮನುಷ್ಯರಿಗೆ ಉಳಿದದ್ದು ಡ್ರೈವರ ಸೀಟು ಒಂದೇ.

ಮೂವತ್ತೆಂಟನೇ ವಯಸ್ಸಿಗೆ ಅವನ ಮದುವೆಯಾಯಿತು. ಹೆಂಡತಿ ಗೌರಾಬಾಯಿ, ಮಣ್ಣೂರಿನವಳು. ವರ್ಷದಲ್ಲಿ ಎಂಟು ತಿಂಗಳು ಗಂಡ ಊರೂರು ತಿರುಗುವುದು, ಇವಳು ಒಬ್ಬಳೇ ಜೋಳ ಹಸನು ಮಾಡುತ್ತ ಕೂಡುವುದು. ಮೂರು ವರ್ಷ ಸೈರಿಸಿದಳು. ಎಂಬತ್ತಾರನೇ ಇಸವಿಯ ಮಳೆಗಾಲಕ್ಕೆ ಸಾಫ ಹೇಳಿಬಿಟ್ಟಳು: "ನಿಮ್ಮ ಸಂಗಾಟ ತಿರುಗಾಕ ನಾ ತಯಾರ ಅದೀನಿ. ಆದ್ರ ಮಂದಿ ಕಟ್ಟಿ ಮ್ಯಾಲ ಮಲಗಂಗಿಲ್ಲ. ಮನಿ ತರ್ರಿ. ಇಲ್ಲಂದ್ರ ಪಂಚಮಿಗೆ ತವರಿಗೆ ಹೋದಾಕಿ ಹೊಳ್ಳಿ ಬರಂಗಿಲ್ಲ."

ಚಂದ್ರಾಮಪ್ಪ ಹುಡುಕಲು ಹೊರಟ.

ಮೊದಲು ಜೇವರ್ಗಿ. ಅಲ್ಲಿ ಹಣಮಂತರಾಯ ಎಂಬುವರ ಹತ್ತಿರ ಮಿಲ್ಟ್ರಿ ಹರಾಜಿನ ಕಬ್ಬಿಣದ ಗಾಡಿ ಇತ್ತು. ಗಟ್ಟಿ ಮಾಲು, ಸಣ್ಣ ಬೆಲೆ. ಆದರೆ ಒಳಗೆ ಎಮ್ಮೆ ಮಲಗಿತ್ತು.

"ಇದನ್ನ ಹೊರಗ ಹೊಡೀರಿ, ಒಳಗ ನೋಡತೇನಿ."

"ಅದು ಬರಂಗಿಲ್ಲ ತಮ್ಮಾ. ಅಲ್ಲೇ ಹುಟ್ಟೇದ, ಅಲ್ಲೇ ಎರಡು ಸಲ ಈದದ. ಗಾಡಿ ಒಯ್ದ್ರ ಅದೂ ಬರ್ತದ. ಎಮ್ಮಿಗೆ ಬ್ಯಾರೆ ರೊಕ್ಕ ಬ್ಯಾಡ, ಹಾಲು ಮಾತ್ರ ದಿನಾ ಕಳಿಸು."

ಆಮೇಲೆ ಅಫಜಲಪುರ. ಮಹಾದೇವಪ್ಪ ಎಂಬ ಕಬ್ಬಿನ ರೈತನ ಟೈರಿನ ಗಾಡಿ. ಎಂಥ ಕೆಸರಲ್ಲೂ ಹುಗಿಯುವುದಿಲ್ಲ. ಆದರೆ ಅಗಲ ಬಹಳ. ನಮ್ಮ ಕಡೆಯ ಊರುಗಳ ಅಗಸಿ ಬಾಗಿಲಲ್ಲಿ ಅದು ಹೋಗುವ ಮಾತೇ ಇಲ್ಲ.

"ಊರೊಳಗ ಹೋಗದಿದ್ರ ಪಂಪ ಹ್ಯಾಂಗ ರಿಪೇರಿ ಮಾಡ್ಲ್ರಿ?"

"ನೀ ಊರ ಹೊರಗ ನಿಂದ್ರು. ಪಂಪ ಅಲ್ಲೇ ತರಸಿಕೋ," ಅಂದರು ಮಹಾದೇವಪ್ಪ.

ಕೊನೆಗೆ ಆಳಂದದ ಲಾಡ್ಲೆಸಾಬರು ಸಿಕ್ಕರು. ಹಳೆಯ ಗಾಡಿ ಒಡೆದು ಮಾರುವವರು, ವೆಲ್ಡಿಂಗಿನಲ್ಲಿ ಪಳಗಿದ ಕೈ. ಆಗ ಅವರ ಅಂಗಳದಲ್ಲಿ ಒಂದು ಖಾಸಗಿ ಬಸ್ಸು ಕಡಿದು ಬಿದ್ದಿತ್ತು.

"ನಿನ್ನ ಹಂತ್ಯಾಕ ಅರ್ಧ ರೊಕ್ಕ ಅದ. ಅರ್ಧ ಬಸ್ಸು ತಗೋ ಭಾಯಿ," ಅಂದರು.

"ಯಾವ ಅರ್ಧ?"

"ಹಿಂದಿಂದು. ಮುಂದಿಂದು ಕ್ಷೌರದಂಗಡ್ಯಾವ ಒಯ್ದ. ಡ್ರೈವರ ಸೀಟಿನ್ಯಾಗ ಗಿರಾಕಿಗೆ ಕುಂದ್ರಸಿ ಗಡ್ಡ ಕೆರಿತಾನ. ಕನ್ನಡಿ ಮದಲೇ ಇತ್ತಲ್ಲ."

ಹಿಂದಿನ ಅರ್ಧದಲ್ಲಿ ಬಾಗಿಲಿತ್ತು, ನಾಲ್ಕು ಕಿಟಕಿ ಇದ್ದವು, ಐದು ಮಂದಿ ಕೂಡುವ ಉದ್ದನ್ನ ಸೀಟಿತ್ತು. ಕಡಿದ ಬಾಯಿಗೆ ಸಾಬರು ತಗಡು ಬಡಿದರು. ಕೆಳಗೆ ಟ್ರ್ಯಾಕ್ಟರ ಟ್ರಾಲಿಯ ಗಾಲಿ ಹಾಕಿದರು. ಅಂಗಡಿ ಹಿಂದಿನ ಎರಿ ಹೊಲದಲ್ಲಿ ಎಳೆದು ನೋಡಿದಾಗ ಜೀಪು ಹುಗಿಯಿತು, ಅರ್ಧ ಬಸ್ಸು ಹುಗಿಯಲಿಲ್ಲ.

"ನೋಡಿದ್ಯಾ? ನನ್ನ ಮಾಲು ಮ್ಯಾಲೇ ನಿಂತದ!" ಎಂದು ಸಾಬರು ಹಿಗ್ಗಿದರು. ಜೀಪು ಅವರ ಮಾಲಲ್ಲ.

ಮಾದನಹಿಪ್ಪರಗಾಕ್ಕೆ ಅದು ಬಂದಾಗ ಸಾಬರೂ ಸಂಗಾಟ ಬಂದಿದ್ದರು. ಗೌರಾಬಾಯಿ ಚಿಲಕ ಜಗ್ಗಿ ನೋಡಿದಳು. ನಾಲ್ಕು ಕೊಡ ನೀರು ಮೇಲೆ ಸುರಿಸಿ ಒಳಗೆ ಹಣಿಕಿದಳು, ಸೋರಲಿಲ್ಲ. ಹತ್ತಲು ಕಾಲೆತ್ತಿದವಳು ಹಾಗೇ ನಿಂತಳು.

"ಹೊಸ್ತಿಲ ಎಲ್ಲದ?"

"ಬಸ್ಸಿಗೆ ಯಾರರ ಹೊಸ್ತಿಲ ಇಡ್ತಾರೇನ ಬೇಟಿ?" ಅಂದರು ಸಾಬರು.

"ಇದು ಬಸ್ಸೇನ್ರಿ ಚಾಚಾ, ಮನ್ಯೇನ್ರಿ?"

ಸಾಬರು ಗಡ್ಡ ಕೆರೆದುಕೊಂಡರು. "ರೊಕ್ಕ ಇಸ್ಕೊಳ್ಳೋ ಮುಂದ ಮನಿ ಅಂತ ನಾನೇ ಹೇಳೀನಿ. ಈಗ ತಪ್ಪಿಸಿಕೊಳ್ಳಾಕ ಆಗಂಗಿಲ್ಲ."

ಜಾಲಿ ಕಟ್ಟಿಗೆಯ ಒಂದು ತುಂಡು ಕೊರೆದು ನಾಲ್ಕು ಬೋಲ್ಟು ಹಾಕಿ ಬಾಗಿಲಿಗೆ ಹೊಸ್ತಿಲು ಕೂಡಿಸಿದರು. ಗೌರಾಬಾಯಿ ಅದಕ್ಕೆ ಅರಿಶಿನ ಬಳಿದಳು, ಇಬತ್ತಿ ಎಳೆದಳು, ಕುಂಕುಮ ಹಚ್ಚಿ ಹೂವಿಟ್ಟಳು. "ಈಗ ಮನಿ ಆತು," ಅಂದು ಬಲಗಾಲಿಟ್ಟು ಒಳಗೆ ಹೋದಳು.

ನಾಗರ ಅಮಾಸೆಯ ದಿನ ಹೊರಟರು. ಘತ್ತರಗಿಯಲ್ಲಿ ಪಂಪು ಕೆಟ್ಟಿತ್ತು. ಅಫಜಲಪುರದ ಹೊರಗೆ ಜೀಪಿನ ಇಂಜಿನ್ನು ಕುದಿಯತೊಡಗಿತು. ಚಂದ್ರಾಮಪ್ಪ ಡಬ್ಬಿ ಹಿಡಿದು ನೀರಿಗೆ ಹೋದ. ಅಲ್ಲೇ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೊರಟ ಮಂದಿ ಬಸ್ಸಿನ ದಾರಿ ಕಾಯುತ್ತಿದ್ದರು. ಅರ್ಧ ಬಸ್ಸಿನ ಹಿಂದಿನ ಗಾಜಿನ ಮೇಲೆ ಘತ್ತರಗಿ ಎಂಬ ಹಳೆಯ ಅಕ್ಷರ ಹಾಗೇ ಉಳಿದಿತ್ತು.

ಮುಂದಿನದು ಗೌರಾಬಾಯಿ ಬಾಯಿಂದಲೇ ಕೇಳಿದ್ದು. ಅವಳು ಒಳಗೆ ಸ್ಟೋವು ಒರೆಸುತ್ತಿದ್ದಳಂತೆ. ವಜೀರುನ್ನಿಸಾ ಎಂಬ ಮುದುಕಿ ಮೊದಲು ಹತ್ತಲು ಬಂದಳು. ಘತ್ತರಗಿಯಲ್ಲಿ ಮಗಳ ಮನೆಗೆ ಹೊರಟವಳು. ಅರಿಶಿನ ಹಚ್ಚಿದ ಹೊಸ್ತಿಲು ಕಂಡು ಚಪ್ಪಲಿ ಕೆಳಗೆ ಬಿಟ್ಟಳು. ಅವಳು ಬಿಟ್ಟದ್ದು ನೋಡಿ ಹಿಂದಿನವರೂ ಬಿಟ್ಟರು. ಹದಿನೆಂಟು ಮಂದಿ ಚಪ್ಪಲಿ ಸಾಲಾಗಿ ರಸ್ತೆಯ ಮೇಲಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದು ಕೂತರು. ಹೊಸ್ತಿಲು ದಾಟಿ ಬಂದವರಿಗೆ ಹೊರಗೆ ಹೋಗಿರಿ ಅನ್ನಲು ಗೌರಾಬಾಯಿಗೆ ನಾಲಿಗೆ ಹೊರಳಲಿಲ್ಲ. ತಂಬಿಗೆ ನೀರು, ಬೆಲ್ಲ ಕೊಟ್ಟಳು.

ಅಷ್ಟರಲ್ಲಿ ಚಂದ್ರಾಮಪ್ಪ ಬಂದವನೇ ಹಿಂದೆ ನೋಡದೆ ನೀರು ಹಾಕಿ ಜೀಪು ಬಿಟ್ಟ. ಗೌರಾಬಾಯಿ ಗಾಬರಿಯಾಗಿ ತಗಡು ಬಡಿದಳು. ಬಸ್ಸಿನ ತಗಡು ಬಡಿದರೆ ಹೋಗು ಅಂತ ಅರ್ಥ. ಬಡಿದಷ್ಟೂ ಅವನು ಜೋರಾಗಿ ಓಡಿಸಿದ.

ಘತ್ತರಗಿಯಲ್ಲಿ ಇಳಿದು ಹಿಂದೆ ಬಂದರೆ ಮನೆಯೊಳಗಿಂದ ಮಂದಿ ಇಳಿಯುತ್ತಲೇ ಇದ್ದಾರೆ.

"ಇವರೆಲ್ಲಾ ಯಾರಬೇ?"

"ನಿಮ್ಮ ಬೀಗರು," ಅಂದಳು ಹಲ್ಲು ಕಚ್ಚಿ.

ಒಬ್ಬ ಹಿರಿಯ ಕೆಳಗೆಲ್ಲ ಹುಡುಕಿ, "ನನ್ನ ಚಪ್ಪಲಿ ಎಲ್ಲಿ?" ಅಂದ.

"ಎಲ್ಲಿ ಬಿಟ್ಟಿದ್ರಿ?"

"ಮನಿ ಬಾಗಲಾಗ."

"ಮನಿ ಬಾಗಲಾಗ ಅಂದ್ರ?"

"ಅಫಜಲಪುರದಾಗ."

ಚಂದ್ರಾಮಪ್ಪ ಜೀಪು ಬಿಚ್ಚಿಕೊಂಡು ಹೋಗಿ ಎರಡು ಚೀಲ ಚಪ್ಪಲಿ ತಂದ. ಯಾರ ಕಾಲಿಗೆ ಯಾವುದು ಅನ್ನುವ ಜಗಳ ಸಂಜೆಯವರೆಗೆ ನಡೆಯಿತು. ಮಂದಿ ಹೋದ ಮೇಲೆ ಗೌರಾಬಾಯಿ ಹೇಳಿದಳು: "ಮನಿ ಕೇಳಿದ್ದೆ, ಬಸ್ ಸ್ಟ್ಯಾಂಡ ತಂದೀರಿ. ಮಣ್ಣೂರಾಗ ಇಳಿಸಿ ಹೋಗ್ರಿ."

ಘತ್ತರಗಿಯ ಪಂಪು ಮುಗಿಸಿ ಮಣ್ಣೂರಿಗೆ ಹೋಗಿ ಇಳಿಸಿದ. ಆದರೆ ಹೋಗಲಿಲ್ಲ. ಮಣ್ಣೂರಿನ ಪಂಪೂ ಕೆಟ್ಟಿತ್ತು, ಅದಕ್ಕೆ ಬಿಡಿಭಾಗ ಬರಬೇಕಾಗಿತ್ತು. ಅರ್ಧ ಬಸ್ಸು ಅವಳ ಅಣ್ಣ ಮಲ್ಲಣ್ಣನ ಅಂಗಳದಲ್ಲೇ ನಿಂತಿತು. ತವರುಮನೆಯಲ್ಲಿ ಪಂಚಮಿಗೆ ಬಂದ ಅಕ್ಕತಂಗಿಯರು, ಅವರ ಮಕ್ಕಳು. ರಾತ್ರಿ ಒಬ್ಬರು ಮಗ್ಗಲಾಗಬೇಕಾದರೆ ಎಲ್ಲರೂ ಕೂಡಿ ಮಗ್ಗಲಾಗಬೇಕು. ಪಂಚಮಿಯ ಮರುದಿನ ಮಧ್ಯಾಹ್ನ ಗೌರಾಬಾಯಿ ಸುಮ್ಮನೆ ಎದ್ದು ಅಂಗಳ ದಾಟಿ, ಅರ್ಧ ಬಸ್ಸಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಮಲ್ಲಣ್ಣ ಕಿಟಕಿಗೆ ಬಂದ. "ಏನವಾ, ಪಂಚಮಿಗೆ ಬಂದಾಕಿ ಗಂಡನ ಮನ್ಯಾಗ ಮಲಗಿದಿ?"

"ದಾರಿ ದಣಿವಾಗಿತ್ತಣ್ಣಾ."

"ಯಾವ ದಾರಿ? ಇಪ್ಪತ್ತು ಹೆಜ್ಜಿ!"

ಬಿಡಿಭಾಗ ಬಂತು, ಪಂಪು ಸರಿಯಾಯಿತು. ಹೊರಡುವ ದಿನ ಚಂದ್ರಾಮಪ್ಪ ಬಾ ಅನ್ನುವ ಧೈರ್ಯವಿಲ್ಲದೆ ಕೊಂಡಿಯ ಬೋಲ್ಟು ಒಂದನ್ನೇ ನಾಲ್ಕು ಸಲ ಬಿಗಿದ. ಗೌರಾಬಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಐದನೆಯ ಸಲ ಪಾನಾ ಹಾಕಿದಾಗ ಎದ್ದಳು.

"ಅಣ್ಣಾ, ಕುಡಗೋಲ ಕೊಡು."

ಚಂದ್ರಾಮಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವಳು ನೆಟ್ಟಗೆ ಹಿಂದಿನ ಗಾಜಿಗೆ ಹೋಗಿ, ಘತ್ತರಗಿಯ ಒಂದೊಂದು ಅಕ್ಷರವನ್ನೂ ಕರಕರ ಕೆರೆದು ತೆಗೆದಳು. ಅತ್ತಿಗೆ ಉಡಿ ತುಂಬಿದಳು. ಉಡಿ ಹಿಡಿದುಕೊಂಡೇ ಹತ್ತಿ ಕೂತು ತಗಡು ಬಡಿದಳು. ಚಂದ್ರಾಮಪ್ಪನಿಗೆ ಅದರ ಅರ್ಥ ಗೊತ್ತಿತ್ತು.

ಮುಂದಿನ ಊರು ಜೇವರ್ಗಿ ಕಡೆಯದು. ಮಧ್ಯಾಹ್ನದೊಳಗೆ ಪಂಪು ನೀರು ಕೊಟ್ಟಿತು. ಗೌರಾಬಾಯಿ ಹೊಸ್ತಿಲ ಮುಂದೆ ಬಕೀಟಿನಲ್ಲಿ ಬಿಸಿನೀರಿಗೆ ಸೋಡಾ ಕದಡಿ, ಗ್ರೀಸು ಹತ್ತಿದ ಅವನ ಅಂಗಿ ನೆನೆಹಾಕಿದಳು. ಆಮೇಲೆ ಸೀರೆ ಮೇಲಕ್ಕೆ ಸಿಗಿಸಿಕೊಂಡು, ಕಲ್ಲಿನ ಮೇಲೆ ಅಂಗಿಯ ತೋಳು ಹರವಿ ತಿಕ್ಕತೊಡಗಿದಳು.